ಮಾಲ್ಟಿನ ವಯಸ್ಸಲ್ಲ, ಊರು ಕೇಳಿ

ಏಪ್ರಿಲ್ ತಿಂಗಳಲ್ಲಿ ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆ ಹೋದವರಿಗೆ ಬಿಸಿಲೆಂದರೇನೆಂದು ಬಿಡಿಸಿ ಹೇಳಬೇಕಿಲ್ಲ. ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ, ಹಡಗಲಿ ಸೀಮೆಯ ಎಷ್ಟೋ ಕೆರೆಗಳಲ್ಲಿ ದೀಪಾವಳಿಗೆ ಕಂಡ ನೀರು ಯುಗಾದಿಯ ಹೊತ್ತಿಗೆ ತಳ ಹಿಡಿದಿರುತ್ತದೆ. ಹೊಲಕ್ಕೆ ಹರಿದದ್ದು ಒಂದು ಪಾಲಾದರೆ ಆವಿಯಾಗಿ ಹೋದದ್ದು ಇನ್ನೊಂದು ಪಾಲು. ಈ ಸೀಮೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋದವರು ಸಿಂಗಲ್ ಮಾಲ್ಟ್‌ಗೆಂದೇ ಹೆಸರಾದ ಪಬ್ಬಿನಲ್ಲಿ ಗೋಡೆಯುದ್ದಕ್ಕೂ ಜೋಡಿಸಿದ ಬಾಟಲಿಗಳನ್ನು ಕಂಡು ಯಾವುದನ್ನು ಆರಿಸಬೇಕೆಂದು ತಿಳಿಯದೆ ನಿಂತಾಗ, ನೆರವಿಗೆ ಬರುವುದು ಊರಿನ ಈ ತಿಳಿವಳಿಕೆಯೇ.

ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಲೇಬಲ್ಲಿನ ಮೇಲಿನ ಸಂಖ್ಯೆಯತ್ತ: 12 ವರ್ಷ, 18 ವರ್ಷ, 25 ವರ್ಷ. ಸಂಖ್ಯೆ ಏರಿದಂತೆ ಬೆಲೆ ಏರುತ್ತದೆ, ರುಚಿಯೂ ಏರಿರಲೇಬೇಕು ಎಂಬ ಲೆಕ್ಕ. ಸ್ಕಾಟ್ಲೆಂಡಿನ ಬಾಟಲಿಗಳ ಮಟ್ಟಿಗೆ ಇದು ಅಷ್ಟಿಷ್ಟು ನಡೆಯುತ್ತದೆ. ಕರ್ನಾಟಕದ ಮಾಲ್ಟಿಗೆ ಬಂದರೆ ಕೈಕೊಡುತ್ತದೆ. ಯಾಕೆಂದು ತಿಳಿಯಲು ಪೀಪಾಯಿಯೊಳಗೆ ಇಣುಕಬೇಕು.

ಮರದೊಳಗಿನ ರಸಾಯನ

ಒಂದೇ ಭಟ್ಟಿಮನೆಯಲ್ಲಿ, ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿಯೊಂದರಿಂದಲೇ ತಯಾರಾದದ್ದು ಸಿಂಗಲ್ ಮಾಲ್ಟ್. ಮೊಳಕೆಯೊಡೆದಾಗ ಹುಟ್ಟುವ ಕಿಣ್ವಗಳು ಕಾಳಿನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಯೀಸ್ಟ್ ಆ ಸಕ್ಕರೆಯನ್ನು ಹುದುಗಿಸಿ ಮದ್ಯಸಾರ ಮಾಡುತ್ತದೆ. ಅದನ್ನು ತಾಮ್ರದ ಹಂಡೆಯಲ್ಲಿ ಭಟ್ಟಿ ಇಳಿಸುತ್ತಾರೆ. ತಾಮ್ರ ಇಲ್ಲಿ ಬರೀ ಪಾತ್ರೆಯಲ್ಲ, ನಾರುವ ಗಂಧಕದ ಸಂಯುಕ್ತಗಳನ್ನು ಹಿಡಿದಿಡುವ ಕೆಲಸವನ್ನೂ ಮಾಡುತ್ತದೆ. ಹೀಗೆ ಇಳಿದದ್ದಕ್ಕೆ ಬಣ್ಣವೇ ಇರುವುದಿಲ್ಲ. ಬಣ್ಣವೂ ಪರಿಮಳದ ಬಹುಪಾಲೂ ಬರುವುದು ಓಕ್ ಮರದಿಂದ. ಸ್ಕಾಚ್ ಅನ್ನಿಸಿಕೊಳ್ಳಬೇಕಾದರೆ ಓಕ್ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇರಲೇಬೇಕೆಂಬುದು ಅಲ್ಲಿನ ಕಾನೂನು.

ಪೀಪಾಯಿಯ ಒಳಮೈಯನ್ನು ಬೆಂಕಿಯಲ್ಲಿ ಸುಟ್ಟಿರುತ್ತಾರೆ. ಆ ಶಾಖಕ್ಕೆ ಮರದ ಲಿಗ್ನಿನ್ ಒಡೆದು ವೆನಿಲಿನ್ ಹುಟ್ಟುತ್ತದೆ. ಐಸ್‌ಕ್ರೀಮಿನಲ್ಲಿ ನಾವು ಬಲ್ಲ ವೆನಿಲಾ ಪರಿಮಳದ ಮೂಲ ಇದೇ. ಓಕ್‌ನ ಲ್ಯಾಕ್ಟೋನ್‌ಗಳು ಕೊಬ್ಬರಿಯ ವಾಸನೆ ಕೊಡುತ್ತವೆ, ಟ್ಯಾನಿನ್‌ಗಳು ಒಗರು ತರುತ್ತವೆ. ಇದರ ಜತೆಗೆ ಆಮ್ಲಗಳೂ ಮದ್ಯಸಾರವೂ ಕೂಡಿ ಎಸ್ಟರ್‌ಗಳಾಗುತ್ತವೆ. ಹೂವು ಹಣ್ಣುಗಳ ಪರಿಮಳದಲ್ಲಿ ಎಸ್ಟರ್‌ಗಳ ಪಾತ್ರ ದೊಡ್ಡದು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹಡಗಲಿ ಮಲ್ಲಿಗೆಯನ್ನು ಮುಡಿದು ಬೆಳೆದವರ ಮೂಗಿಗೆ ಈ ಕುಟುಂಬ ಹೊಸದೇನಲ್ಲ: ಮಲ್ಲಿಗೆಯ ಕಂಪಿನ ಮುಖ್ಯ ಘಟಕಗಳಲ್ಲೊಂದಾದ ಬೆಂಜೈಲ್ ಅಸಿಟೇಟ್ ಕೂಡ ಒಂದು ಎಸ್ಟರ್. ಬಾಳೆಹಣ್ಣಿನ ವಾಸನೆಯ ಐಸೊಅಮೈಲ್ ಅಸಿಟೇಟ್ ವಿಸ್ಕಿಯಲ್ಲೂ ಇರುತ್ತದೆ.

ಬಿಸಿಲಿನ ಲೆಕ್ಕ

ಉಷ್ಣತೆ ಹೆಚ್ಚಿದಂತೆ ಈ ಕ್ರಿಯೆಗಳೆಲ್ಲ ಚುರುಕಾಗುತ್ತವೆ. ಸೆಕೆಗೆ ಹಿಗ್ಗಿದ ದ್ರವ ಮರದ ರಂಧ್ರಗಳೊಳಗೆ ನುಗ್ಗುತ್ತದೆ, ತಂಪಾದಾಗ ಮರದ ಸಾರವನ್ನು ಹೊತ್ತು ಹಿಂದಿರುಗುತ್ತದೆ. ಜತೆಗೇ ಆವಿಯಾಗುವುದೂ ಹೆಚ್ಚುತ್ತದೆ. ಪೀಪಾಯಿಯಿಂದ ಹೀಗೆ ಹಾರಿಹೋಗುವುದನ್ನು ಭಟ್ಟಿಮನೆಯವರು ‘ಏಂಜಲ್ಸ್ ಶೇರ್’, ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಇದು ವರ್ಷಕ್ಕೆ ಸುಮಾರು ಶೇ. 2. ಬೆಂಗಳೂರಿನಲ್ಲಿ ಶೇ. 10ರಿಂದ 12.

200 ಲೀಟರಿನ ಒಂದು ಪೀಪಾಯಿಯ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಶೇ. 11ರಂತೆ ಹೋದರೆ 4 ವರ್ಷಕ್ಕೆ ಉಳಿಯುವುದು ಸುಮಾರು 125 ಲೀಟರ್, 8 ವರ್ಷಕ್ಕೆ 79, 12 ವರ್ಷಕ್ಕೆ 50ಕ್ಕೂ ಕಡಿಮೆ. ಸ್ಕಾಟ್ಲೆಂಡಿನ ಪೀಪಾಯಿಯಲ್ಲಿ 12 ವರ್ಷದ ಕೊನೆಗೂ 157 ಲೀಟರ್ ಇರುತ್ತದೆ. ಅಂದರೆ ಅಲ್ಲಿಯ 12 ವರ್ಷದ ಮಾಲ್ಟ್ ದಿನನಿತ್ಯದ ಸರಕು, ಇಲ್ಲಿಯ 12 ವರ್ಷದ ಮಾಲ್ಟ್ ಅಪರೂಪದ ವಸ್ತು. ಅಪರೂಪವಾದದ್ದೆಲ್ಲ ರುಚಿಯಾಗಿರಬೇಕೆಂದೇನೂ ಇಲ್ಲ. ಸೆಕೆಯಲ್ಲಿ ಅತಿಯಾಗಿ ಮಲಗಿದ ಮಾಲ್ಟ್ ಮರದ ಟ್ಯಾನಿನ್ ಕುಡಿದು ಕಹಿಯಾಗಬಹುದು. ಇಲ್ಲಿ ಕಾಯುವುದಕ್ಕಿಂತ ಯಾವಾಗ ತೆಗೆಯಬೇಕೆಂದು ತಿಳಿಯುವುದೇ ದೊಡ್ಡ ಕಸುಬು.

ಆ ಕಸುಬನ್ನು ಲೋಕಕ್ಕೆ ತೋರಿಸಿಕೊಟ್ಟದ್ದು ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್. 1948ರಲ್ಲಿ ರಾಧಾಕೃಷ್ಣ ಜಗದಾಳೆ ಕಟ್ಟಿದ ಈ ಸಂಸ್ಥೆಯ ಭಟ್ಟಿಮನೆ ಮೈಸೂರು ರಸ್ತೆಯ ಕಂಬೀಪುರದಲ್ಲಿದೆ. ಅವರ ಮಗ ನೀಲಕಂಠ ರಾವ್ ಜಗದಾಳೆಯವರ ಕಾಲದಲ್ಲಿ, 2004ರಲ್ಲಿ, ಸಂಸ್ಥೆ ತನ್ನ ಸಿಂಗಲ್ ಮಾಲ್ಟನ್ನು ಮೊದಲು ಮಾರಾಟಕ್ಕಿಟ್ಟದ್ದು ವಿಸ್ಕಿಯ ತವರಾದ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ! ವಿಸ್ಕಿ ವಿಮರ್ಶಕ ಜಿಮ್ ಮರ್ರೆಯವರ 2010ರ ‘ವಿಸ್ಕಿ ಬೈಬಲ್’ ಅಮೃತ್ ಫ್ಯೂಷನ್‌ಗೆ 97 ಅಂಕ ಕೊಟ್ಟು ಜಗತ್ತಿನಲ್ಲೇ ಮೂರನೆಯ ಸ್ಥಾನದಲ್ಲಿಟ್ಟಿತು. ಹತ್ತು ವರ್ಷವೂ ತುಂಬದ ಮಾಲ್ಟ್ ಹಳೆಯ ಸ್ಕಾಚ್‌ಗಳ ಸಾಲಿಗೆ ಬಂದದ್ದು ಬಿಸಿಲಿಗೂ ಅದನ್ನು ಪಳಗಿಸಿದವರಿಗೂ ಸಂದ ಮಾನ. ಇದೇ ಸಂಸ್ಥೆ 2013ರಲ್ಲಿ ಹೊರತಂದ 8 ವರ್ಷದ ಮಾಲ್ಟಿನ ಹೆಸರು ‘ಗ್ರೀಡಿ ಏಂಜಲ್ಸ್’, ಅತಿಯಾಸೆಯ ದೇವತೆಗಳು.

ಒಣಗಾಳಿ ಮಾಡುವುದೇನು?

ಆವಿಯಾಗುವುದು ನೀರೂ ಹೌದು, ಮದ್ಯಸಾರವೂ ಹೌದು. ಯಾವುದು ಹೆಚ್ಚು ಹಾರುತ್ತದೆಂಬುದನ್ನು ಉಗ್ರಾಣದ ಗಾಳಿಯ ತೇವ ತೀರ್ಮಾನಿಸುತ್ತದೆ. ಹೊರಗಿನ ಗಾಳಿಯಲ್ಲಿ ಆಗಲೇ ನೀರಾವಿ ತುಂಬಿದ್ದರೆ ಪೀಪಾಯಿಯ ನೀರಿಗೆ ಹೊರಬರಲು ಎಡೆ ಕಡಿಮೆ. ಮದ್ಯಸಾರಕ್ಕೆ ಆ ತಡೆಯಿಲ್ಲ. ಆದ್ದರಿಂದ ತೇವದ ಸ್ಕಾಟ್ಲೆಂಡಿನಲ್ಲಿ ವರ್ಷ ಕಳೆದಂತೆ ವಿಸ್ಕಿಯ ಕಡುಪು, ಅಂದರೆ ಮದ್ಯಸಾರದ ಪ್ರಮಾಣ, ಇಳಿಯುತ್ತದೆ. ಅಮೆರಿಕದ ಕೆಂಟಕಿಯಲ್ಲಿ, ಉಗ್ರಾಣದ ಬಿಸಿಯಾದ, ಒಣಗಿದ ಮೇಲಂತಸ್ತುಗಳಲ್ಲಿ ನೀರೇ ಹೆಚ್ಚು ಹೋಗಿ ಕಡುಪು ಏರುತ್ತದೆ. ಹಗರಿಬೊಮ್ಮನಹಳ್ಳಿಯ ಬೇಸಿಗೆಯಲ್ಲಿ ಒಂದು ಪೀಪಾಯಿ ಇಟ್ಟರೆ ಅದು ಹಿಡಿಯುವುದು ಕೆಂಟಕಿಯ ದಾರಿಯನ್ನೇ: ಅಳತೆ ಬೇಗ ಇಳಿಯುತ್ತದೆ, ಉಳಿದದ್ದು ಇನ್ನಷ್ಟು ಕಟುವಾಗುತ್ತದೆ. ಗೋವಾದಲ್ಲಿ ಪಕ್ವವಾಗುವ ಪಾಲ್ ಜಾನ್ ಮಾಲ್ಟಿನ ಒಡೆತನ ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನದೇ ಆದರೂ ಅದು ಕುಡಿಯುವ ಗಾಳಿ ಕಡಲ ತೀರದ ತೇವದ್ದು. ಅಮೃತ್‌ನ ಜತೆಗೆ ಅದನ್ನಿಟ್ಟು ನೋಡುವುದು ಎರಡು ಹವೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದಂತೆ.

ಆರಿಸುವ ಬಗೆ

ಹಾಗಾದರೆ ಪಬ್ಬಿನಲ್ಲಿ ಬಡಿಸುವವರನ್ನು ಏನು ಕೇಳಬೇಕು? ಪೀಪಾಯಿ ಯಾವ ಊರಿನಲ್ಲಿತ್ತು, ಅದರಲ್ಲಿ ಮೊದಲು ಏನಿತ್ತು, ಬಾರ್ಲಿಗೆ ಹೊಗೆ ಹಾಕಿದ್ದಾರೆಯೇ, ಕಡುಪು ಎಷ್ಟು: ಈ ನಾಲ್ಕು ಸಾಕು. ಮೊದಲು ಬೂರ್ಬನ್ ವಿಸ್ಕಿ ಇದ್ದ ಅಮೆರಿಕನ್ ಓಕ್ ಪೀಪಾಯಿಯಾದರೆ ವೆನಿಲಾ, ಕೊಬ್ಬರಿಯ ಕಡೆಗೆ ವಾಲುತ್ತದೆ. ಶೆರ್ರಿ ವೈನ್ ಇದ್ದದ್ದಾದರೆ ಒಣದ್ರಾಕ್ಷಿ, ಮಸಾಲೆಯ ಕಡೆಗೆ. ಅಮೃತ್‌ನ ‘ಇಂಟರ್‌ಮೀಡಿಯೆಟ್ ಶೆರ್ರಿ’ ಬೂರ್ಬನ್, ಶೆರ್ರಿ, ಮತ್ತೆ ಬೂರ್ಬನ್ ಪೀಪಾಯಿ ಹೀಗೆ ಮನೆ ಬದಲಿಸಿ ಬಂದದ್ದು. ‘ಸ್ಪೆಕ್ಟ್ರಮ್’ಗೆ ಬೇರೆ ಬೇರೆ ಓಕ್ ಹಲಗೆಗಳನ್ನು ಸೇರಿಸಿ ಒಂದೇ ಪೀಪಾಯಿ ಕಟ್ಟಿದರು. ‘ಟೂ ಕಾಂಟಿನೆಂಟ್ಸ್’ ಬೆಂಗಳೂರಿನಲ್ಲಿ ಶುರುವಾಗಿ ಯೂರೋಪಿನ ತಂಪಿನಲ್ಲಿ ಪಕ್ವವಾಯಿತು. ಹವೆಯ ಪರಿಣಾಮವನ್ನು ನಾಲಿಗೆಯಿಂದಲೇ ಅರಿಯಬೇಕೆಂದರೆ ಹುಡುಕಬೇಕಾದದ್ದು ಇಂಥವನ್ನು.

ಹೊಗೆಯ ವಾಸನೆ ಬರುವುದು ಜೌಗುನೆಲದ ಪೀಟ್ ಮಣ್ಣನ್ನು ಉರಿಸಿ ಬಾರ್ಲಿ ಒಣಗಿಸುವುದರಿಂದ. ಹೊಗೆಯ ಫೀನಾಲ್‌ಗಳನ್ನು ಅಳೆಯುವುದು ಒಣಗಿಸಿದ ಕಾಳಿನಲ್ಲಿ, ಬಾಟಲಿಯಲ್ಲಲ್ಲ. ಭಟ್ಟಿ ಇಳಿಯುವಾಗ ಇದರಲ್ಲಿ ಬಹಳಷ್ಟು ಹೋಗಿರುತ್ತದೆ. ಫ್ಯೂಷನ್‌ನಲ್ಲಿ ಕಾಲುಭಾಗ ಸ್ಕಾಟ್ಲೆಂಡಿನ ಹೊಗೆಯುಂಡ ಬಾರ್ಲಿ, ಮುಕ್ಕಾಲು ಭಾಗ ನಮ್ಮ ಉತ್ತರ ಭಾರತದ್ದು. ಹೊಗೆಯಿಲ್ಲದ್ದು ಮೊದಲು, ಹೊಗೆಯದು ಕೊನೆಗೆ; ಕಡುಪು ಕಡಿಮೆಯದು ಮೊದಲು, ಹೆಚ್ಚಿನದು ಆಮೇಲೆ. ಈ ಕ್ರಮ ತಪ್ಪಿದರೆ ಮೂಗು ಹೊಗೆಗೆ ಒಗ್ಗಿ, ನಂತರದ ನಯವಾದ ಪರಿಮಳಗಳನ್ನು ಹಿಡಿಯುವುದಿಲ್ಲ.

ನೀರು ಹಾಕಬಹುದೇ? ಧಾರಾಳವಾಗಿ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ 2017ರಲ್ಲಿ ಹೊಗೆವಾಸನೆಯ ಗ್ವಾಯಕಾಲ್ ಅಣು ಗ್ಲಾಸಿನಲ್ಲಿ ಎಲ್ಲಿರುತ್ತದೆಂದು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದರು. ಮದ್ಯಸಾರ ಶೇ. 45ರವರೆಗೆ ಇದ್ದಾಗ ಅದು ದ್ರವದ ಮೇಲ್ಮೈಯಲ್ಲಿ, ಮೂಗಿಗೆ ಹತ್ತಿರ ಸೇರುತ್ತದೆ. ಶೇ. 59 ದಾಟಿದರೆ ದ್ರವದ ಒಳಕ್ಕೆ ಇಳಿಯುತ್ತದೆ. ಆದ್ದರಿಂದ ಪೀಪಾಯಿಯಿಂದ ನೇರ ಬಾಟಲಿಗೆ ತುಂಬಿದ ಕಟು ಮಾಲ್ಟಿಗೆ ಹನಿಹನಿಯಾಗಿ ನೀರು ಸೇರಿಸುವುದು ಅದನ್ನು ಕೆಡಿಸುವುದಲ್ಲ, ತೆರೆಯುವುದು. ಐಸ್ ಮಾತ್ರ ಬೇಡ. ತಂಪಾದಷ್ಟೂ ಪರಿಮಳದ ಅಣುಗಳು ಮೇಲೇಳುವುದು ಕಡಿಮೆ.

ಅಳತೆಯ ಮಾತು

ಶೇ. 57.1 ಕಡುಪಿನ 30 ಮಿ.ಲೀ. ಪೆಗ್ಗಿನಲ್ಲಿ ಶುದ್ಧ ಮದ್ಯಸಾರ ಸುಮಾರು 13.5 ಗ್ರಾಂ. ಮೂರು ಬಗೆಯನ್ನು ಪೂರ್ತಿ ಪೆಗ್ಗಿನಂತೆ ಕುಡಿದರೆ 40 ಗ್ರಾಂ ಮುಟ್ಟುತ್ತದೆ. ಮದ್ಯವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಿರಪಾಯವೆನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಕುಡಿಯದವರು ಈ ಲೇಖನ ಓದಿ ಶುರುಮಾಡಬೇಕಾದ ಅಗತ್ಯ ಖಂಡಿತ ಇಲ್ಲ. ಕುಡಿಯುವವರು ಗೆಳೆಯರೊಡನೆ ಹಂಚಿಕೊಂಡು ಅರ್ಧರ್ಧ ಪೆಗ್ ತರಿಸಿಕೊಳ್ಳಿ, ಹೊಟ್ಟೆಗೆ ಊಟವಿರಲಿ, ಮನೆಗೆ ಮರಳಲು ಗಾಡಿ ಬೇರೆಯವರು ಓಡಿಸಲಿ.

ಮಾಲ್ಟಿನ ಮುಕ್ಕಾಲು ಸುಖ ಮೂಗಿನದು, ಅದಕ್ಕೆ ಹತ್ತು ಹದಿನೈದು ಮಿ.ಲೀ. ಧಾರಾಳ ಸಾಕು. ಉಳಿದ ಹಣದಲ್ಲಿ ಹೆಚ್ಚು ವಯಸ್ಸಿನದನ್ನು ಹುಡುಕುವ ಬದಲು ಬೇರೆ ಹವೆಯದನ್ನು ಹುಡುಕಿ: ಬೆಂಗಳೂರಿನದೊಂದು, ಗೋವಾದ್ದೊಂದು, ಸ್ಕಾಟ್ಲೆಂಡಿನದೊಂದು. 5 ವರ್ಷದ ನಮ್ಮ ಮಾಲ್ಟ್ 15 ವರ್ಷದ ಹೊರಗಿನದಕ್ಕೆ ಹೇಗೆ ಸಾಟಿಯಾಗುತ್ತದೆಂಬುದು ಆ ಮೂರು ಗ್ಲಾಸುಗಳಲ್ಲೇ ಗೊತ್ತಾಗುತ್ತದೆ. ಬಿಸಿಲು ಕಸಿದುಕೊಳ್ಳುವುದನ್ನಷ್ಟೇ ಕಂಡ ನಮ್ಮ ಸೀಮೆಯವರು, ಅದು ಕೊಡುವುದೂ ಉಂಟೆಂದು ಹೆಮ್ಮೆಯಿಂದ ಹೇಳಬಹುದು.