ರೇಜರ್ ಮುಟ್ಟಿಸಿದರೆ ಗಡ್ಡ ಬರುತ್ತದೆಯೇ?

ಪ್ರಶ್ನೆ: ನನಗೆ 24 ವರ್ಷ. ಗದ್ದದ ಮೇಲೆ ಒರಟು ಕೂದಲು ಬರುತ್ತಿದೆ. ರೇಜರ್ ಮುಟ್ಟಿಸಿದರೆ ಗಂಡಸರ ಹಾಗೆ ದಪ್ಪಗೆ ಬೆಳೆಯುತ್ತದೆ ಅನ್ನುತ್ತಾರೆ ಅಮ್ಮ. ನಿಜವೇ?

ಉತ್ತರ: ನಿಜವಲ್ಲ. ರೇಜರ್ ಕತ್ತರಿಸುವುದು ಚರ್ಮದ ಹೊರಗಿನ ನಿರ್ಜೀವ ಎಳೆಯನ್ನು ಮಾತ್ರ. ಬೆಳವಣಿಗೆ ನಡೆಯುವುದು ಒಳಗಿನ ಬುಡದಲ್ಲಿ. ಕೂದಲಿನ ತುದಿ ಸಹಜವಾಗಿ ಚೂಪಾಗಿರುತ್ತದೆ. ಕತ್ತರಿಸಿದ ಮೇಲೆ ಮೊಂಡಾಗಿ ಮೇಲೆ ಬರುವುದರಿಂದ ಕೈಗೆ ಒರಟು, ಕಣ್ಣಿಗೆ ದಪ್ಪ. ಅಮೆರಿಕದ ಅಂಗರಚನಾ ತಜ್ಞೆ ಮಿಲ್ಡ್ರೆಡ್ ಟ್ರಾಟರ್ 1928ರಲ್ಲೇ ಅಳೆದು ನೋಡಿ ಈ ನಂಬಿಕೆಗೆ ಆಧಾರವಿಲ್ಲ ಎಂದು ತೋರಿಸಿದ್ದರು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವೆನಿಸಿದ್ದು ಬೇರೆ: ಕೂದಲು ಈಗ ಯಾಕೆ ಬರುತ್ತಿದೆ? ಆಂಡ್ರೊಜೆನ್ ಎಂಬ ಪುರುಷ ಹಾರ್ಮೋನು ಹೆಚ್ಚಾದಾಗ ನಯವಾದ ರೋಮ ಕಪ್ಪಗೆ, ಗಟ್ಟಿಯಾಗುತ್ತದೆ. ಇದರ ಹಿಂದೆ ಬಹಳ ಸಲ ಇರುವುದು ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್). ಮುಟ್ಟು ಏರುಪೇರಾಗಿದ್ದರೆ, ಮೊಡವೆ ಹೆಚ್ಚಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಕೂದಲು ಕೆಲವೇ ತಿಂಗಳಲ್ಲಿ ದಿಢೀರನೆ ಹೆಚ್ಚಿ, ಧ್ವನಿಯೂ ಗಡುಸಾದರೆ ತಡ ಮಾಡಲೇಬೇಡಿ. ಕೆಲವು ಮನೆತನಗಳಲ್ಲಿ ಯಾವ ಕಾಯಿಲೆಯೂ ಇಲ್ಲದೆ ಹೆಂಗಸರ ಗದ್ದದ ಮೇಲೆ ಕೂದಲು ಬರುವುದುಂಟು.

ಇನ್ನು ಕೂದಲು ತೆಗೆಯಲು ಥ್ರೆಡ್ಡಿಂಗ್, ರೇಜರ್, ಯಾವುದಾದರೂ ಸರಿ. ಲೇಸರ್ ಮಾಡಿಸುವುದಾದರೆ ಎಚ್ಚರ: ಅದು ಕೂದಲಿನ ಕಪ್ಪು ಬಣ್ಣವನ್ನೇ ಗುರಿಮಾಡುತ್ತದೆ. ನಮ್ಮ ಕಂದು ಚರ್ಮದಲ್ಲೂ ಅದೇ ಬಣ್ಣವಿರುವುದರಿಂದ ಸುಟ್ಟ ಕಲೆ ಬೀಳಬಹುದು. ಎನ್‌ಡಿ-ಯಾಗ್ ಎಂಬ ಬಗೆಯ ಲೇಸರ್ ನಮಗೆ ಹೆಚ್ಚು ಸುರಕ್ಷಿತ. ಅದನ್ನು ಪಾರ್ಲರಿನಲ್ಲಲ್ಲ, ಚರ್ಮರೋಗ ತಜ್ಞರ ಬಳಿಯೇ ಮಾಡಿಸಿಕೊಳ್ಳಿ. ನಾಚಿಕೆಪಡಬೇಡಿ, ಅಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ.