ಕಂಪ್ಯೂಟರಿನ ಬೀಗದಕೈ ನಮ್ಮಲ್ಲೇ ಇರಲಿ

ನಮ್ಮ ವಿಂಡೋಸ್ 11 ಕಂಪ್ಯೂಟರನ್ನು ಅಂಗಡಿ ಹುಡುಗ ತನ್ನದೇ ಇಮೇಲ್ ಹಾಕಿ ಚಾಲೂ ಮಾಡಿಕೊಟ್ಟಿದ್ದ. ಪಾಸ್‌ವರ್ಡ್ ಮರೆತಾಗ ಕೋಡ್ ಹೋದದ್ದು ಅವನ ಫೋನಿಗೆ. ಅವನೋ ಊರು ಬಿಟ್ಟಿದ್ದ! ನಾಲ್ಕು ದಿನ ಶೇಂಗಾ ಲೆಕ್ಕ, ಮಳೆ ಲೆಕ್ಕ ಎಲ್ಲಾ ಒಳಗೇ ಉಳೀತು. ಹೊಲ ನಮ್ಮದು, ಪಹಣಿ ಇನ್ನೊಬ್ಬರದು ಅನ್ನೋ ಹಾಗಾಯ್ತು.

ಇದಕ್ಕೆ ಉಪಾಯ ಲೋಕಲ್ ಅಕೌಂಟ್. ಇದರ ಹೆಸರು, ಪಾಸ್‌ವರ್ಡ್ ಯಂತ್ರದೊಳಗೇ ಇರುತ್ತವೆ, ಇಮೇಲ್ ಬೇಡ. ಮೊದಲು ನಿಮ್ಮದೇ ಇಮೇಲ್‌ನಿಂದ ಚಾಲೂ ಮಾಡಿಸಿ. ಆಮೇಲೆ ‘ಸೆಟ್ಟಿಂಗ್ಸ್’, ‘ಅಕೌಂಟ್ಸ್’, ‘ಯುವರ್ ಇನ್ಫೋ’ಗೆ ಹೋಗಿ ‘ಸೈನ್ ಇನ್ ವಿತ್ ಎ ಲೋಕಲ್ ಅಕೌಂಟ್ ಇನ್‌ಸ್ಟೆಡ್’ ಒತ್ತಿ. ಯಂತ್ರದೊಳಗಿನ ಫೈಲು ಹಾಗೇ ಇರ್ತಾವೆ.

ಒಂದು ಎಚ್ಚರಿಕೆ: ಈ ಪಾಸ್‌ವರ್ಡ್ ಮರೆತರೆ ಇಮೇಲ್ ಕಾಯೋದಿಲ್ಲ. ಅದು ಕೇಳುವ 3 ಪ್ರಶ್ನೆ, ಉತ್ತರಗಳನ್ನು ಬರೆದು ಪಹಣಿ ಜೊತೆ ಪೆಟ್ಟಿಗೇಲಿಡಿ. ನಾವೂ ಹಾಗೇ ಇಟ್ಟಿದ್ದೇವೆ.