ಹರಾಜಿನ ಕೊನೇ ಮೂರು ನಿಮಿಷ

ಆನ್‌ಲೈನ್ ಫುಟ್‌ಬಾಲ್ ಆಟದಲ್ಲಿ ದಿನಗಟ್ಟಲೆ ಕಣ್ಣಿಟ್ಟಿದ್ದ ಸ್ಟ್ರೈಕರ್. ಹರಾಜು ಮುಗಿಯೋಕೆ ಎರಡೇ ಸೆಕೆಂಡ್. ಎಲ್ಲಿದ್ದನೋ ಒಬ್ಬ, ಚೂರು ಜಾಸ್ತಿ ಬಿಡ್ ಹಾಕಿ ಎತ್ಕೊಂಡು ಹೋದ!

ಇದೇ ಸ್ನೈಪಿಂಗ್. ತಂಡ ಕಟ್ಟೋ ಬುದ್ಧಿಗಿಂತ ಇಲ್ಲಿ ಬೆರಳಿನ ವೇಗಕ್ಕೇ ಬೆಲೆ.

1997ರಲ್ಲಿ ಸ್ವೀಡನ್‌ನಲ್ಲಿ ಶುರುವಾದ ಹ್ಯಾಟ್ರಿಕ್ ಅನ್ನೋ ಆನ್‌ಲೈನ್ ಫುಟ್‌ಬಾಲ್ ಮ್ಯಾನೇಜರ್ ಆಟದಲ್ಲಿ ಇದಕ್ಕೆ ಮದ್ದಿದೆ. ಕೊನೇ 3 ನಿಮಿಷದೊಳಗೆ ಯಾರೇ ಬಿಡ್ ಹಾಕಲಿ, ಅಲ್ಲಿಂದ ಮತ್ತೆ 3 ನಿಮಿಷ ಗಡುವು. ಊರ ಹರಾಜಲ್ಲಿ ‘ಒಂದ್ಸಾರಿ, ಎರಡ್ಸಾರಿ’ ಅಂತ ಕೂಗಿ ಕಾಯ್ತಾರಲ್ಲ, ಹಾಗೆ.

ಈ ಮದ್ದು ಕೆಲಸ ಮಾಡುತ್ತಾ? ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್, ಆಕ್ಸೆಲ್ ಓಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಬೇ ಮತ್ತು ಅಮೆಜಾನ್ ಹರಾಜುಗಳನ್ನ ಹೋಲಿಸಿ ನೋಡಿದ್ರು. ಇಬೇಯಲ್ಲಿ ಗಡುವು ಜಗ್ಗಲ್ಲ. ಆಗಿನ ಅಮೆಜಾನ್ ಹರಾಜಿನಲ್ಲಿ ಜಗ್ಗುತ್ತಿತ್ತು. ಕೊನೇ ಗಳಿಗೆಯ ನುಗ್ಗಾಟ ಇಬೇಯಲ್ಲೇ ಹೆಚ್ಚಿತ್ತು.

ಆದ್ರೆ ನಡುರಾತ್ರಿ ಮುಗಿಯೋ ಹರಾಜಿಗೆ ಎದ್ದು ಕೂರೋರು ಯಾರು? ‘ನನ್ನ ಮಿತಿ ಇಷ್ಟು’ ಅಂತ ಮೊದಲೇ ಬರೆದಿಟ್ಟು ಮಲಗೋ ಸೌಲಭ್ಯ ಬೇಕೇ ಬೇಕು. ನನ್ನ ಪ್ರಕಾರ, ಗಡುವು ಜಗ್ಗೋದಕ್ಕಿಂತ ಇದೇ ದೊಡ್ಡ ನ್ಯಾಯ.

ಇನ್ನು ಒಬ್ಬನೇ ಎರಡು ತಂಡ ಇಟ್ಕೊಂಡು ತನ್ನ ಆಟಗಾರನಿಗೆ ತಾನೇ ಬೆಲೆ ಏರಿಸಿದ್ರೆ? ಅದಕ್ಕೆ ಗಡಿಯಾರ ಸಾಲಲ್ಲ, ಕಾವಲುಗಾರ ಬೇಕು. ಹ್ಯಾಟ್ರಿಕ್‌ನಲ್ಲಂತೂ ಅಂಥ ಕಳ್ಳಾಟ ನಿಯಮಕ್ಕೇ ವಿರುದ್ಧ.